ಹಂಪಿಯ ಪಿಜ್ಜಾ ಮತ್ತು ನಾವು ಬರೆದುಕೊಟ್ಟ ಪಥ್ಯದ ಚೀಟಿ

ಶ್ರೀಮಠದ ಭಕ್ತರು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಔಷಧಕ್ಕಿಂತ ಊಟದ ವಿಚಾರವನ್ನೇ ಹೆಚ್ಚಾಗಿ ಕೇಳುತ್ತಾರೆ. ಮೊದಲೆಲ್ಲ ಅನ್ನ ಉಣ್ಣಬೇಕೋ ರೊಟ್ಟಿ ಉಣ್ಣಬೇಕೋ ಎಂಬುದೇ ಪ್ರಶ್ನೆಯಾಗಿತ್ತು. ಈಗ ರಜೆಗೆ ಬಂದ ಮೊಮ್ಮಕ್ಕಳನ್ನು ಹಂಪಿಗೆ ಕರೆದೊಯ್ದು ಬಂದವರು ಬೇರೆಯದನ್ನೇ ಕೇಳುತ್ತಾರೆ: ‘ಪಿಜ್ಜಾ ತಿನ್ನಬಹುದೇ?’ ಇದಕ್ಕೆ ನಾವು ಬಹುಕಾಲ ಒಂದೇ ಮಾತಿನ ಉತ್ತರವನ್ನು ಕೊಡುತ್ತ ಬಂದೆವು. ‘ಬೇಡ’ ಎಂಬ ಆ ಉತ್ತರವನ್ನು ತಿದ್ದಿಕೊಳ್ಳಬೇಕಾದ ಪ್ರಸಂಗವೊಂದು ಒದಗಿತು. ಅದರ ನೆವದಲ್ಲಿ ಆಹಾರವನ್ನು ಪರೀಕ್ಷಿಸುವ ಶಾಸ್ತ್ರಕ್ರಮವನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ನಮ್ಮ ಗಾದಿಗನೂರು ತೋರಣಗಲ್ಲು ಮತ್ತು ಹೊಸಪೇಟೆಗಳ ನಡುವಣ ಊರು. ಇಲ್ಲಿಯ ಎಪ್ಪತ್ತೊಂದು ವರ್ಷದ ರೈತರೊಬ್ಬರು ಮಧುಮೇಹ ಹಾಗೂ ರಕ್ತದೊತ್ತಡಕ್ಕಾಗಿ ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಒಂದು ವರ್ಷದ ಹಿಂದೆ ಅವರಿಗೆ ಪಥ್ಯದ ಚೀಟಿ ಬರೆದುಕೊಟ್ಟೆವು. ‘ಹೊರಗಿನ ಊಟ, ಮೈದಾ, ಚೀಸ್, ಕರಿದ ತಿನಿಸು ಸಂಪೂರ್ಣ ವರ್ಜ್ಯ’ ಎಂದು ಬರೆದು, ‘ಸಂಪೂರ್ಣ’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದೆವು. ಅವರು ಮಾತು ಮೀರುವವರಲ್ಲ. ವರ್ಷ ತುಂಬುವಷ್ಟರಲ್ಲಿ ಸಕ್ಕರೆಯ ಅಂಕಿ ಹತೋಟಿಗೆ ಬಂದಿತು. ಇಂತಹ ಆಜ್ಞಾಧಾರಕ ರೋಗಿ ಮತ್ತೊಬ್ಬರಿಲ್ಲವೆಂದು ನಾವು ಇತರರೆದುರು ಅವರನ್ನು ಹೊಗಳುತ್ತಲೂ ಇದ್ದೆವು.

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಅವರ ಮಗನ ಸಂಸಾರ ಬಂದಿತ್ತು. ಹಬ್ಬದ ಮರುದಿನ ಎಲ್ಲರೂ ಹಂಪಿಗೆ ಹೋಗಿ, ಮಕ್ಕಳ ಆಸೆಯಂತೆ ಪಿಜ್ಜಾ ಮಾಡುವ ಒಂದು ಊಟದ ಮನೆಗೆ ಹೋದರಂತೆ. ಎರಡು ದಿನ ಕಳೆದ ಮೇಲೆ, ತಾತನ ಮಾತ್ರೆಗಳನ್ನು ಒಯ್ಯಲು ಅಜ್ಜಿಯ ಜೊತೆಗೆ ಬಂದ ಹನ್ನೊಂದು ವರ್ಷದ ಮೊಮ್ಮಗಳು ನಮ್ಮ ಮೇಜಿನ ಎದುರು ನಿಂತು ಕೇಳಿದಳು: ‘ಡಾಕ್ಟ್ರೇ, ನಾವೆಲ್ಲ ಒಳಗೆ ಕೂತು ತಿಂದ್ವಿ. ತಾತ ಮಾತ್ರ ಹೊರಗೆ ಕಟ್ಟೆ ಮೇಲೆ ಕೂತು ಡಬ್ಬಿಯಲ್ಲಿದ್ದ ರೊಟ್ಟಿ ತಿಂದ್ರು. ಕರೆದ್ರೂ ಬರಲಿಲ್ಲ. ನೀವು ಬೇಡ ಅಂತ ಬರೆದಿದ್ದೀರಂತೆ. ಒಳಗೆ ಕೂತ್ಕೊಳ್ಳೋದೂ ಬೇಡ ಅಂತ ಬರೆದಿದ್ದೀರಾ?’

ಅಜ್ಜಿ ಮಗುವನ್ನು ಗದರಿಸಿದರು. ಆದರೆ ನಾವು ಕೇಳಿದ ಮೇಲೆ ಅವರೂ ಒಂದೊಂದಾಗಿ ಹೇಳಿದರು. ವರ್ಷದಿಂದ ಈಚೆಗೆ ಯಜಮಾನರು ಮದುವೆ ಮನೆಗಳಿಗೆ ಹೋಗುತ್ತಿಲ್ಲ. ಹೋದರೂ ಅಕ್ಷತೆ ಹಾಕಿ ಹಿಂದಿರುಗುತ್ತಾರೆ. ಮನೆಯಲ್ಲಿ ಹಬ್ಬದ ಅಡುಗೆಯಾದ ದಿನ ಮೊದಲೇ ಉಂಡು ಹೊಲಕ್ಕೆ ಹೊರಟುಬಿಡುತ್ತಾರೆ. ನಮ್ಮ ದಾಖಲೆ ಪುಸ್ತಕವನ್ನು ತೆಗೆದು ನೋಡಿದೆವು. ವರ್ಷದಲ್ಲಿ ಆರು ಕಿಲೋ ತೂಕ ಇಳಿದಿತ್ತು. ತೆಳ್ಳನೆಯ ಮೈಯ ಮುದುಕರಿಗೆ ಅದು ಲಾಭವಲ್ಲ. ಸಕ್ಕರೆ ಇಳಿದುದನ್ನೂ ತೂಕ ಇಳಿದುದನ್ನೂ ನಾವೇ ಬರೆದುಕೊಂಡಿದ್ದೆವು, ಎರಡನ್ನೂ ಒಂದೇ ಸಂತೋಷದಿಂದ.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಅರವತ್ತು ದಾಟಿದ ನಾವು ಅಂದಿನವರೆಗೆ ಪಿಜ್ಜಾವನ್ನು ತಿಂದಿರಲಿಲ್ಲ, ಮಾಡುವುದನ್ನು ನೋಡಿಯೂ ಇರಲಿಲ್ಲ. ದ್ರವ್ಯವನ್ನು ಪರೀಕ್ಷಿಸದೆ ಅದರ ಗುಣದೋಷ ಹೇಳುವುದು ವೈದ್ಯನಿಗೆ ಸಲ್ಲದು. ಆದುದರಿಂದ ಮುಂದಿನ ಭಾನುವಾರ ನಮ್ಮ ಮನೆಯವರೊಡನೆ ಅದೇ ಊಟದ ಮನೆಗೆ ಹೋದೆವು.

ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿಯ ಸಾಲುಮಂಟಪಗಳಲ್ಲಿ ಹಿಂದೆ ಅಂಗಡಿಗಳೂ ಮನೆಗಳೂ ಇದ್ದುದನ್ನು ಓದುಗರಲ್ಲಿ ಹಿರಿಯರು ನೋಡಿರುತ್ತಾರೆ. 2011ರ ಜುಲೈ ತಿಂಗಳಲ್ಲಿ ಅವುಗಳನ್ನು ತೆರವು ಮಾಡಿಸಲಾಯಿತು. ನದಿಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಎದ್ದಿದ್ದ ವಸತಿಗೃಹ, ಉಪಾಹಾರ ಗೃಹಗಳು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ನೆಲಸಮವಾದವು. ಈಗ ಹಂಪಿಯ ಊಟದ ಮನೆಗಳು ಬಹುಮಟ್ಟಿಗೆ ಜನತಾ ಪ್ಲಾಟಿನ ಕಿರಿದಾದ ಓಣಿಗಳಲ್ಲಿವೆ. ನಾವು ಹೋದ ಮನೆಯಲ್ಲಿ ಆರು ಮೇಜುಗಳು. ಹಿತ್ತಲಿನಲ್ಲಿ ಇಟ್ಟಿಗೆ ಮತ್ತು ಮಣ್ಣಿನಿಂದ ಕಟ್ಟಿದ ಗುಮ್ಮಟದಂತಹ ಒಲೆ. ಅಡುಗೆಯ ತರುಣನು ಈ ಸೀಮೆಯವನೇ. ಗಡ್ಡೆಯಲ್ಲಿ ಕಲಿತ ಕಸುಬನ್ನು ಇಲ್ಲಿ ಮುಂದುವರಿಸಿದ್ದಾನೆ. ಕ್ಷೇತ್ರದ ಕಟ್ಟಳೆಯಂತೆ ಈ ದಂಡೆಯ ಹಂಪಿಯಲ್ಲಿ ಮಾಂಸ ಮದ್ಯಗಳಿಲ್ಲವಾದುದರಿಂದ ಪಟ್ಟಿಯಲ್ಲಿದ್ದುದೆಲ್ಲ ಸಸ್ಯಾಹಾರ. ಪಿಜ್ಜಾದ ಕೆಳಗಿನ ಸಾಲಿನಲ್ಲಿಯೇ ಮೊಸರನ್ನವೂ ಇದ್ದಿತು.

ಇದು ಇಟಲಿಯ ನೇಪಲ್ಸ್ ಪಟ್ಟಣದ ಬಡವರ ಬೀದಿ ತಿನಿಸು. 1986ರಲ್ಲಿ ನಮ್ಮ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೋ ಸಂಸ್ಥೆಯೇ 2017ರಲ್ಲಿ ನೇಪಲ್ಸಿನ ಪಿಜ್ಜಾ ಮಾಡುವ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿತು. ಇಟಲಿಯವರಿಗೆ ಹಂಪಿ ಹೊಸದೇನೂ ಅಲ್ಲ. ವೆನಿಸ್ಸಿನ ನಿಕೊಲೊ ಕಾಂಟಿ 1420ರ ಸುಮಾರಿಗೆ ವಿಜಯನಗರವನ್ನು ಕಂಡನು. ಅದೇ ಊರಿನ ವ್ಯಾಪಾರಿ ಸೀಸರ್ ಫ್ರೆಡರಿಕ್ 1567ರಲ್ಲಿ ಪಾಳುಬಿದ್ದ ನಗರದಲ್ಲಿ ಏಳು ತಿಂಗಳು ಇದ್ದನು. ಕಾಂಟಿಯ ಕಾಲದಲ್ಲಿ ಅವನ ದೇಶದಲ್ಲಿ ಟೊಮೇಟೊ ಇರಲಿಲ್ಲ, ನಮ್ಮಲ್ಲಿ ಮೆಣಸಿನಕಾಯಿ ಇರಲಿಲ್ಲ. ಎರಡೂ ಅಮೆರಿಕ ಖಂಡದಿಂದ ಆಮೇಲೆ ಬಂದವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಪೇಟೆಯಲ್ಲಿ ಅಕ್ಕಿ, ಜೋಳ, ಹೆಸರು, ಹುರುಳಿಗಳನ್ನು ಕಂಡುದನ್ನು ಬರೆದು, ಗೋಧಿ ಅಷ್ಟಾಗಿ ದೊರೆಯುವುದಿಲ್ಲ, ಮುಸಲ್ಮಾನರ ಹೊರತು ಇತರರು ಅದನ್ನು ತಿನ್ನುವುದಿಲ್ಲ ಎಂದಿದ್ದಾನೆ. ಇಂದು ಮಧುಮೇಹಿಗಳಿಗೆ ‘ಚಪಾತಿ ತಿನ್ನಿರಿ’ ಎಂದು ಹೇಳದ ವೈದ್ಯನಿಲ್ಲ! ಪರದೇಶದ್ದು ಎಂಬ ಒಂದೇ ಕಾರಣದಿಂದ ತಿನಿಸನ್ನು ದೂರುವುದಾದರೆ ರೊಟ್ಟಿಯ ಪಕ್ಕದ ಕೆಂಪು ಚಟ್ನಿಯನ್ನೂ ದೂರಬೇಕಾಗುತ್ತದೆ. ಸತತ ಅಭ್ಯಾಸದಿಂದ ಮೈಗೆ ಒಗ್ಗಿದ ಆಹಾರವನ್ನು ಶಾಸ್ತ್ರವು ಓಕಸಾತ್ಮ್ಯ ಎನ್ನುತ್ತದೆ. ಪಿಜ್ಜಾ ನಮಗೆ ಇನ್ನೂ ಸಾತ್ಮ್ಯವಾಗಿಲ್ಲ ಎಂಬುದಷ್ಟೇ ಇಲ್ಲಿ ಹೇಳಬಹುದಾದ ಮಾತು.

ಹಾಗಾದರೆ ಪರೀಕ್ಷಿಸುವ ಕ್ರಮ ಯಾವುದು? ಚರಕ ಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಹಾರದ ಹಿತಾಹಿತಗಳನ್ನು ನಿರ್ಣಯಿಸುವ ಎಂಟು ಅಂಶಗಳನ್ನು ಹೇಳಿದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ನಾವು ಚೀಟಿ ಬರೆಯುವಾಗ ಮೊದಲನೆಯದೊಂದನ್ನು ನೋಡಿ ಲೇಖನಿಯನ್ನು ಕೆಳಗಿಟ್ಟಿದ್ದೆವು.

ಪ್ರಕೃತಿ ಎಂದರೆ ದ್ರವ್ಯದ ಹುಟ್ಟುಗುಣ. ಗೋಧಿ ಮಧುರ, ಶೀತ, ಸ್ನಿಗ್ಧ ಮತ್ತು ಗುರು. ಅದರ ತೌಡು, ಮೊಳಕೆಗಳನ್ನು ತೆಗೆದು ಮೈದಾ ಮಾಡಿದಾಗ ನಾರು ಹೋಗಿ, ಸಕ್ಕರೆಯು ರಕ್ತಕ್ಕೆ ಬೇಗನೆ ಸೇರುತ್ತದೆ. ಚೀಸ್ ಗುರುವೂ ಅಭಿಷ್ಯಂದಿಯೂ ಆದುದು, ಕಫವನ್ನು ಹೆಚ್ಚಿಸುವುದು. 100 ಗ್ರಾಂ ಮೊಜರೆಲ್ಲಾದಲ್ಲಿ ಸುಮಾರು 300 ಕಿಲೋ ಕ್ಯಾಲೊರಿ ಇರುತ್ತದೆ. ಇಷ್ಟರಲ್ಲಿ ನಮ್ಮ ‘ಬೇಡ’ ಎಂಬ ಮಾತಿಗೆ ಆಧಾರವಿದೆ. ಆದರೆ ಮೇಲೆ ಉದುರಿಸುವ ಸೊಪ್ಪುಗಳನ್ನು ಮೂಸಿ ನೋಡಿ ನಮಗೆ ನಗು ಬಂದಿತು. ಅವರು ಬೇಸಿಲ್ ಎನ್ನುವುದು ನಮ್ಮ ಕಾಮಕಸ್ತೂರಿ. ಒರಿಗ್ಯಾನೊ ಎಂಬುದು ನಾವು ಹೂವಿನ ದಂಡೆಯಲ್ಲಿ ಕಟ್ಟುವ ಮರುಗದ ಹತ್ತಿರದ ಬಂಧು. ಎರಡೂ ಸುಗಂಧಿ, ಉಷ್ಣ, ದೀಪನ. ಗುರುವಾದ ಪದಾರ್ಥದ ಮೇಲೆ ದೀಪನ ದ್ರವ್ಯವನ್ನು ಹಾಕಬೇಕೆಂಬುದು ಆ ದೇಶದ ಅಡುಗೆಯವರಿಗೂ ಅನುಭವದಿಂದ ತಿಳಿದಿರಬೇಕು.

ಕರಣವೆಂದರೆ ಸಂಸ್ಕಾರ. ನೀರು, ಬೆಂಕಿ, ಕಾಲ, ಪಾತ್ರೆ, ಮಥನ ಮೊದಲಾದವುಗಳಿಂದ ದ್ರವ್ಯದ ಗುಣ ಬದಲಾಗುತ್ತದೆ. ಗುರುವಾದ ಭತ್ತವು ಹುರಿದು ಅರಳಾದಾಗ ಲಘುವಾಗುವುದು ಇದಕ್ಕೆ ಶಾಸ್ತ್ರದ ಉದಾಹರಣೆ. ಪಿಜ್ಜಾದ ವಿಷಯದಲ್ಲಿ ನಾವು ಹೆಚ್ಚು ಕಲಿತದ್ದು ಇಲ್ಲಿಯೇ. ಹಿಟ್ಟಿನ ವಿಚಾರವನ್ನು ಕೇಳಿದಾಗ ಆ ತರುಣನು, ‘ರಾತ್ರಿ ನಾದಿ ಇಟ್ರ ಮರುದಿನ ಮಧ್ಯಾಹ್ನಕ್ಕ ತಯಾರಾಗ್ತದ ರೀ. ಅವಸರ ಮಾಡಿ ಈಸ್ಟ್ ಜಾಸ್ತಿ ಹಾಕಿದ್ರ ತಿಂದವರ ಹೊಟ್ಟಿ ಉಬ್ತದ’ ಎಂದನು. ದೋಸೆಯ ಹಿಟ್ಟಿನ ಮರ್ಮವೂ ಇದೇ ಅಲ್ಲವೇ? ಅವನು ಹಿಟ್ಟನ್ನು ಲಟ್ಟಣಿಗೆಯಿಲ್ಲದೆ, ನಮ್ಮ ತಾಯಂದಿರು ರೊಟ್ಟಿ ಬಡಿಯುವಂತೆಯೇ ಕೈಯಿಂದ ತೆಳ್ಳಗೆ ಅಗಲಿಸಿದನು. ನೇಪಲ್ಸಿನ ಕ್ರಮದಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದೂವರೆ ನಿಮಿಷದೊಳಗೆ ಬೇಯಿಸುತ್ತಾರೆ. ಇಲ್ಲಿಯ ಒಲೆಗೆ ಅಷ್ಟು ಕಾವಿಲ್ಲ. ನಾಲ್ಕೈದು ನಿಮಿಷ ಹಿಡಿಯಿತು. ತಳ ಗರಿಗರಿಯಾಗಿ, ಅಲ್ಲಲ್ಲಿ ರೊಟ್ಟಿಯಂತೆ ಚುಕ್ಕೆ ಬಿದ್ದು ಬೆಂದಿತ್ತು. ಕಾರ್ಖಾನೆಯಲ್ಲಿ ಮೊದಲೇ ಅರೆಬೇಯಿಸಿ ತಂದ ದಪ್ಪ ತಳದ ಮೇಲೆ ಚೀಸನ್ನು ಸುರಿದು ಬಿಸಿಮಾಡಿ ಕೊಡುವುದಕ್ಕೂ ಇದಕ್ಕೂ ಹೆಸರೊಂದೇ, ಜೀರ್ಣವಾಗುವ ಬಗೆ ಬೇರೆ. ಆದುದರಿಂದ ಕೂರುವ ಮೊದಲು ಹಿಟ್ಟು ಇಲ್ಲಿಯದೇ, ತಳ ತೆಳುವೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಚೀಸಿನ ಕುರಿತು ನಮ್ಮ ಭಕ್ತರು ಅರಿಯಬೇಕಾದ ವಿಷಯವೊಂದಿದೆ. ಹಾಲನ್ನು ಒಡೆಯಿಸಿ ಗಟ್ಟಿ ಮಾಡಲು ರೆನೆಟ್ ಎಂಬ ಕಿಣ್ವವನ್ನು ಬಳಸುತ್ತಾರೆ. ಯುರೋಪಿನ ಹಲವು ಸಾಂಪ್ರದಾಯಿಕ ಚೀಸುಗಳಲ್ಲಿ ಇದನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಾರೆ. ತುರಿದು ಉದುರಿಸುವ ಪಾರ್ಮಿಜಾನೊ ಎಂಬ ಇಟಲಿಯ ಚೀಸಿಗೆ ಕರುವಿನ ರೆನೆಟ್ಟೇ ಆಗಬೇಕೆಂಬ ನಿಯಮವಿದೆ. ಇಂತಹುದು ಸಸ್ಯಾಹಾರಿಗಳಿಗೆ ಸಲ್ಲದು. ನಮ್ಮ ದೇಶದಲ್ಲಿ ಹಸಿರು ಚುಕ್ಕೆಯೊಡನೆ ಮಾರುವ ಚೀಸಿನಲ್ಲಿ ಸೂಕ್ಷ್ಮಾಣುಗಳಿಂದ ಪಡೆದ ಕಿಣ್ವವನ್ನು ಬಳಸುತ್ತಾರೆ. ಪೊಟ್ಟಣವನ್ನು ತೋರಿಸಲು ಕೇಳಿದೆವು. ತರುಣನು ಬೇಸರಿಸದೆ ತಂದು ತೋರಿಸಿದನು. ಹಸಿರು ಚುಕ್ಕೆ ಇದ್ದಿತು. ಕೆಲವೆಡೆ ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯದ ಎಣ್ಣೆಯಿಂದ ಮಾಡಿದ, ಚೀಸನ್ನು ಹೋಲುವ ಪದಾರ್ಥವನ್ನು ಬಳಸುವುದುಂಟು. ಅದನ್ನು ‘ಅನಲಾಗ್’ ಎನ್ನುತ್ತಾರೆ. ಅದನ್ನು ತಿನ್ನುವುದಕ್ಕಿಂತ ಚೀಸಿಲ್ಲದೆ ಬರಿಯ ಟೊಮೇಟೊ, ಬೆಳ್ಳುಳ್ಳಿ, ಸೊಪ್ಪು ಹಾಕಿಸಿಕೊಳ್ಳುವುದು ಮೇಲು. ನೇಪಲ್ಸಿನಲ್ಲಿಯೂ ಮರಿನಾರಾ ಎಂಬ ಅಂತಹ ಪಿಜ್ಜಾ ಉಂಟು.

ಸಂಯೋಗದ ಬಗ್ಗೆ ವೈದ್ಯಮಿತ್ರರಲ್ಲಿ ಒಮ್ಮತವಿಲ್ಲ. ಹಾಲಿನೊಡನೆ ಹುಳಿಯು ವಿರುದ್ಧವೆಂದು ಚರಕರು ಹೇಳಿರುವಾಗ ಟೊಮೇಟೊ ಮತ್ತು ಚೀಸು ವಿರುದ್ಧಾಹಾರವಾಗದೇ ಎಂದು ಕೆಲವರು ಕೇಳುತ್ತಾರೆ. ಚೀಸು ಈಗಾಗಲೇ ಒಡೆದು ರೂಪಾಂತರ ಹೊಂದಿದ ದ್ರವ್ಯ; ಅದನ್ನು ಹಾಲೆಂದು ಎಣಿಸಲಾಗದು ಎಂಬುದು ನಮ್ಮ ಅಭಿಪ್ರಾಯ. ನಿಜವಾದ ವಿರೋಧ ಬೇರೆಡೆಯಲ್ಲಿದೆ. ಪಕ್ಕದ ಮೇಜಿನ ಮಕ್ಕಳು ಪಿಜ್ಜಾದ ಜೊತೆಗೆ ಹಣ್ಣು ಹಾಕಿದ ಮಿಲ್ಕ್‌ಶೇಕನ್ನೂ, ಅವರ ತಂದೆ ಮಂಜುಗಡ್ಡೆ ಹಾಕಿದ ಸೋಡಾವನ್ನೂ ಕುಡಿಯುತ್ತಿದ್ದರು. ಉಪ್ಪು ಹುಳಿಗಳ ಮೇಲೆ ಹಾಲು, ಕರಗಿದ ಜಿಡ್ಡಿನ ಮೇಲೆ ಹಿಮದಂತಹ ನೀರು, ಇವು ವರ್ಜ್ಯ. ಬಿಸಿನೀರು ಅಥವಾ ಜೀರಿಗೆಯ ನೀರು ಉತ್ತಮ. ಕೇಳಿದರೆ ಎಲ್ಲಿಯೂ ಕೊಡುತ್ತಾರೆ.

ರಾಶಿ ಎಂದರೆ ಪ್ರಮಾಣ. ಇದರಲ್ಲಿ ಎರಡು ಬಗೆ: ಇಡೀ ಊಟದ ಒಟ್ಟು ಪ್ರಮಾಣ ಸರ್ವಗ್ರಹ, ಊಟದಲ್ಲಿರುವ ಒಂದೊಂದು ಪದಾರ್ಥದ ಪ್ರಮಾಣ ಪರಿಗ್ರಹ. ಪಿಜ್ಜಾ ತಿನ್ನುವವರು ಮೊದಲನೆಯದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ‘ಒಂದೇ ತಿಂದೆ’ ಎನ್ನುತ್ತಾರೆ. ಆ ಒಂದರಲ್ಲಿ ಹಿಟ್ಟೆಷ್ಟು, ಚೀಸೆಷ್ಟು, ಉಪ್ಪೆಷ್ಟು? ಹತ್ತು ಅಂಗುಲದ ತೆಳು ಪಿಜ್ಜಾವನ್ನು ಎಂಟು ತುಂಡು ಮಾಡಿದರೆ ಎರಡು ತುಂಡಿನ ಹಿಟ್ಟು ಸುಮಾರಾಗಿ ಮನೆಯ ಒಂದು ಚಪಾತಿಗೆ ಸಮ. ಇಡೀ ಪಿಜ್ಜಾ ತಿಂದವನು ನಾಲ್ಕು ಚಪಾತಿ ತಿಂದು ಮೇಲೆ ಚೀಸನ್ನೂ ತಿಂದಂತೆ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಹಿಟ್ಟು, ಚೀಸು, ಸಾರುಗಳಲ್ಲೆಲ್ಲ ಉಪ್ಪಿರುವ ಇಡೀ ಪಿಜ್ಜಾದಿಂದ ಅದರ ಬಹುಭಾಗ ಒಂದೇ ಹೊತ್ತಿನಲ್ಲಿ ಹೊಟ್ಟೆಗೆ ಸೇರುತ್ತದೆ. ಗುರುವಾದ ಆಹಾರವನ್ನು ತೃಪ್ತಿಯ ಮೂರರಲ್ಲೊಂದು ಭಾಗ ಅಥವಾ ಅರ್ಧದಷ್ಟಕ್ಕೆ ನಿಲ್ಲಿಸಬೇಕೆಂಬುದು ಚರಕರ ಸೂತ್ರ. ಹಿಟ್ಟಿನ ಭಕ್ಷ್ಯವನ್ನು ಹಸಿದಾಗ ಮಾತ್ರ ಮಿತವಾಗಿ ತಿಂದು, ಎರಡರಷ್ಟು ನೀರು ಕುಡಿಯಬೇಕೆಂದು ಸುಶ್ರುತರು ಹೇಳುತ್ತಾರೆ. ಇಬ್ಬರೂ ಪಿಜ್ಜಾ ಕಂಡವರಲ್ಲ, ಆದರೂ ಇದಕ್ಕಿಂತ ಚೆನ್ನಾದ ಸಲಹೆಯನ್ನು ನಾವು ಕೊಡಲಾರೆವು.

ದೇಶ ಕಾಲಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಗ್ನಿ ಪ್ರಬಲವಾಗಿರುವ ಹೇಮಂತ, ಶಿಶಿರ ಋತುಗಳಲ್ಲಿ ಇದು ಅರಗೀತು; ನಮ್ಮ ಸೀಮೆಯ ವೈಶಾಖದ ಬಿಸಿಲಿನಲ್ಲಿ ಬೇಡ. ಮಧ್ಯಾಹ್ನ ಆಗಬಹುದು, ರಾತ್ರಿ ಒಂಬತ್ತರ ಮೇಲೆ ಆಗದು. ಮಾತಂಗ ಪರ್ವತವನ್ನು ಹತ್ತಿಳಿದು ಬೆವರುತ್ತಲೇ ಬಂದು ತಿನ್ನುವುದೂ ಸಲ್ಲದು.

ಉಪಯೋಗಸಂಸ್ಥೆ ಎಂದರೆ ಉಣ್ಣುವ ನಿಯಮ. ಹಿಂದಿನ ಊಟ ಜೀರ್ಣವಾದ ಮೇಲೆ, ಬಿಸಿಯಾಗಿರುವಾಗ, ಅವಸರವಿಲ್ಲದೆ ಉಣ್ಣಬೇಕು. ಆರಿದ ಪಿಜ್ಜಾದಲ್ಲಿ ಚೀಸು ಬೆಲ್ಲದ ಪಾಕದಂತೆ ಬಿಗಿಯುತ್ತದೆ. ಅದನ್ನು ಕಟ್ಟಿಸಿಕೊಂಡು ಹೋಗಿ ರಾತ್ರಿ ಮತ್ತೆ ಬಿಸಿಮಾಡಿ ತಿನ್ನಬಾರದು. ಇವು ನಾವು ದಿನವೂ ರೋಗಿಗಳಿಗೆ ಹೇಳುವ ಮಾತುಗಳೇ. ಆದರೆ ಅಂದು ಮನೆಗೆ ಬಂದು ಅಷ್ಟಾಂಗ ಹೃದಯದ ಮಾತ್ರಾಶಿತೀಯ ಅಧ್ಯಾಯವನ್ನು ತೆರೆದಾಗ, ನಲವತ್ತು ವರ್ಷಗಳಿಂದ ಓದುತ್ತ ಬಂದ ಪುಟದಲ್ಲಿಯೇ ನಾವು ದಾಟಿಹೋಗುತ್ತಿದ್ದ ಮಾತೊಂದು ಕಣ್ಣಿಗೆ ಬಿದ್ದಿತು. ಇಷ್ಟವಾದ ಅನ್ನವನ್ನು ಇಷ್ಟರಾದವರ ಜೊತೆಗೆ ಉಣ್ಣಬೇಕೆಂದು ವಾಗ್ಭಟರು ಅಲ್ಲಿ ವಿಧಿಸುತ್ತಾರೆ. ಪ್ರಮಾಣವನ್ನು ಹೇಳುವ ಅಧ್ಯಾಯದಲ್ಲಿಯೇ ಇದೂ ಇದೆ. ಹಿತವಾದ ಅನ್ನವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯಗಳಿಂದ ಕೂಡಿದವನಿಗೆ ಅದು ಜೀರ್ಣವಾಗದೆಂದು ಚರಕರೂ ವಿಮಾನಸ್ಥಾನದ ಎರಡನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಕಟ್ಟೆಯ ಮೇಲೆ ಕುಳಿತು ಡಬ್ಬಿಯ ರೊಟ್ಟಿಯನ್ನು ಮುರಿಯುತ್ತಿದ್ದ ಹಿರಿಯರದು ಹಿತವೂ ಮಿತವೂ ಆದ ಊಟವೇ ಆಗಿತ್ತು.

ಉಪಯೋಕ್ತೃ ಎಂದರೆ ಉಣ್ಣುವವನು. ಇಲ್ಲಿ ಸಡಿಲ ಮಾತು ಆಗದು. ಗೋಧಿಯ ಅಂಟು ಆಗದ ಸೀಲಿಯಾಕ್ ರೋಗಿಗಳಿಗೆ ಒಂದು ಚೂರೂ ನಿಷಿದ್ಧ. ಮೂತ್ರಪಿಂಡದ ಕಾಯಿಲೆಯವರು, ಹೃದಯ ದೌರ್ಬಲ್ಯದಿಂದ ಕಾಲು ಊದಿಕೊಳ್ಳುವವರು ಉಪ್ಪಿನ ಕಾರಣದಿಂದ ದೂರವಿರಬೇಕು. ಆಮ್ಲಪಿತ್ತ, ಚರ್ಮರೋಗ ಉಲ್ಬಣಿಸಿರುವಾಗಲೂ ಬೇಡ. ಮಧುಮೇಹಿಗಳು, ‘ಮಧ್ಯಾಹ್ನ ಪಿಜ್ಜಾ ಇದೆ’ ಎಂದು ಬೆಳಗಿನ ಉಪಾಹಾರವನ್ನು ಬಿಟ್ಟು ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡರೆ ಸಕ್ಕರೆ ಕುಸಿದು ಅಪಾಯವಾದೀತು. ತಿಂದುದಕ್ಕೆ ಪ್ರಾಯಶ್ಚಿತ್ತವೆಂದು ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವುದೂ ಅಷ್ಟೇ ಅಪಾಯ.

ಡಿಸೆಂಬರ್ ರಜೆಗೆ ಮಗನ ಸಂಸಾರ ಮತ್ತೆ ಬಂದಿತು. ಈ ಸಲ ನಾವೂ ಅವರ ಜೊತೆ ಹೋದೆವು. ಹಿರಿಯರು ಓಣಿಯ ಬಾಗಿಲಲ್ಲಿಯೇ ನಿಂತು, ‘ನೀವ ಬರದು ಕೊಟ್ಟೀರಲ್ರಿ ಡಾಕ್ಟ್ರ, ಮತ್ತ ನೀವ ಕರೀತೀರಿ’ ಎಂದರು. ಬರೆದುದು ತಪ್ಪಾಯಿತೆಂದು ಅವರ ಮಗ, ಸೊಸೆ, ಮೊಮ್ಮಕ್ಕಳ ಎದುರಿನಲ್ಲಿಯೇ ಹೇಳಿದೆವು. ಆರು ಮಂದಿಗೆ ಎರಡು ಪಿಜ್ಜಾ ತರಿಸಿ, ಒಂದಕ್ಕೆ ಚೀಸನ್ನು ಅರ್ಧ ಹಾಕಲು ಹೇಳಿದೆವು. ಮೊದಲು ಸೌತೆ, ಗಜ್ಜರಿಯ ಹಸಿ ಹೋಳುಗಳು, ಆಮೇಲೆ ಹಿರಿಯರಿಗೆ ಎರಡು ತುಂಡು. ಮೊಮ್ಮಗಳು ಮತ್ತೊಂದನ್ನು ಎತ್ತಿ ಅವರ ತಟ್ಟೆಗೆ ಇಡಹೋದಳು. ಅವರು ನಮ್ಮ ಕಡೆ ನೋಡಿದರು. ನಾವು ಬೇಕೆಂದೇ ಕಿಟಕಿಯ ಕಡೆ ನೋಡಿದೆವು. ‘ಸಾಕವ್ವಾ, ರಾತ್ರಿ ರೊಟ್ಟಿ ಉಣ್ಣಬೇಕಲ್ಲ’ ಎಂದು ತಟ್ಟೆಯ ಮೇಲೆ ತಾವೇ ಕೈ ಅಡ್ಡ ಹಿಡಿದರು.

ಸ್ವಲ್ಪ ಹೊತ್ತು ವಿಶ್ರಮಿಸಿ, ರಥಬೀದಿಯುದ್ದಕ್ಕೂ ಎದುರು ಬಸವಣ್ಣನವರೆಗೆ ನಡೆದು ಹಿಂದಿರುಗಿದೆವು. ಹೋಗುವಾಗ ಸುಮಾರು ಮುಕ್ಕಾಲು ಕಿಲೋಮೀಟರು, ಬರುವಾಗ ಅಷ್ಟೇ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 176 ಇದ್ದಿತು. ಮನೆಯ ಊಟದ ಬಳಿಕ ಅವರಿಗೆ 165ರ ಆಸುಪಾಸಿನಲ್ಲಿರುತ್ತದೆ. ರುಚಿ ಹೇಗಿತ್ತೆಂದು ಕೇಳಿದೆವು. ‘ಚಲೋ ಐತಿ ಬಿಡ್ರಿ. ಆದ್ರ ಇದಕ್ಕ ಒಂದೀಟು ಹಸಿಮೆಣಸಿನಕಾಯಿ ಖಾರ ಇರಬೇಕಿತ್ತು’ ಎಂದರು.

ಹೊಸ ಚೀಟಿಯಲ್ಲಿ ನಾವು ಬರೆದುದು ಇಷ್ಟು: ಜೋಳದ ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ದಿನದ ಊಟ. ಹಬ್ಬ, ಮದುವೆ, ಮೊಮ್ಮಕ್ಕಳು ಬಂದಾಗ ಎಲ್ಲರ ಪಂಕ್ತಿಯಲ್ಲಿ ಕುಳಿತು, ಗುರುವಾದುದನ್ನು ಅರ್ಧ ಹೊಟ್ಟೆಗೆ. ಪಿಜ್ಜಾ ತಿಂಗಳಿಗೊಮ್ಮೆಗಿಂತ ಹೆಚ್ಚಿಲ್ಲ, ಎರಡೇ ತುಂಡು, ಮಧ್ಯಾಹ್ನ. ಮಾತ್ರೆ ಎಂದಿನಂತೆ. ತಿಂಗಳಿಗೊಮ್ಮೆ ಸಕ್ಕರೆಯ ಜೊತೆಗೆ ತೂಕವನ್ನೂ ನೋಡತಕ್ಕದ್ದು. ಮುಂದಿನ ಸಲ ಬರುವಾಗ ತೂಕ ಒಂದು ಕಿಲೋ ಏರಿರಬೇಕು.